ಮತ್ತೆ ಕಾಲೇಜಿಗೆ ಸೇರಬೇಕಾ? ಮೊದಲು ನಿಮ್ಮ ವಾರದ ಲೆಕ್ಕ ಹಾಕಿ

ನಲವತ್ತೋ ಐವತ್ತೋ ದಾಟಿದ ಮೇಲೆ ಕಾಲೇಜಿಗೆ ಸೇರುವ ಆಸೆ ಹುಟ್ಟಿದವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಈ ವಯಸ್ಸಲ್ಲಿ ತಲೆಗೆ ಹತ್ತುತ್ತಾ? ಫೀಸು ಎಷ್ಟಾಗುತ್ತೆ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಸೇರಿ, ಆಮೇಲೆ ಅರ್ಧಕ್ಕೆ ಬಿಟ್ಟವರನ್ನು ಮಾತಾಡಿಸಿ ನೋಡಿ. ಪಾಠ ಅರ್ಥವಾಗಲಿಲ್ಲ ಅನ್ನುವವರು ಕಡಿಮೆ. ಹೊತ್ತು ಸಿಗಲಿಲ್ಲ, ಮನೆಯಲ್ಲಿ ಯಾರಿಗೋ ಹುಷಾರು ತಪ್ಪಿತು, ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತು ಅನ್ನುವವರೇ ಹೆಚ್ಚು.

ಹಾಗಾಗಿ ಈ ಲೇಖನ ಶುರುವಾಗುವುದು ಹೊತ್ತಿನ ಲೆಕ್ಕದಿಂದ. ಅರ್ಜಿ, ಕಾಗದಪತ್ರ, ಓದುವ ರೀತಿ ಎಲ್ಲವೂ ಅದರ ಹಿಂದೆ ಬರುತ್ತವೆ. ವಾರಕ್ಕೆ ಎಷ್ಟು ಗಂಟೆ ನಿಜವಾಗಿ ನಿಮ್ಮ ಕೈಲಿದೆ ಅನ್ನುವುದು ಗೊತ್ತಾದರೆ ಯಾವ ಕೋರ್ಸು, ಎಷ್ಟು ವಿಷಯ, ಎಷ್ಟು ವರ್ಷ ಅನ್ನುವ ಅರ್ಧ ತೀರ್ಮಾನ ತಾನಾಗಿಯೇ ಆಗಿಬಿಡುತ್ತದೆ.

1. ಯಾಕೆ ಓದಬೇಕು, ಒಂದೇ ಸಾಲಿನಲ್ಲಿ

ಒಂದು ಕಾಗದದ ಮೇಲೆ ಬರೆಯಿರಿ. "ಬಡ್ತಿಗೆ ಪದವಿ ಕೇಳುತ್ತಾರೆ." "ಇಪ್ಪತ್ತು ವರ್ಷದ ಹಿಂದೆ ನಿಂತ ಡಿಗ್ರಿ ಮುಗಿಸಬೇಕು." "ಇತಿಹಾಸ ಓದಬೇಕು ಅಂತ ಯಾವಾಗಿನಿಂದಲೋ ಆಸೆ." ಯಾವುದಾದರೂ ಸರಿ, ನಿಮ್ಮದೇ ಆಗಿರಲಿ.

ಕಾರಣದ ಮೇಲೆ ದಾರಿ ಬದಲಾಗುತ್ತದೆ. ಬರೀ ಆಸಕ್ತಿಯಾದರೆ ಪರೀಕ್ಷೆ, ಅಂಕ ಯಾವುದೂ ಇಲ್ಲದೆ ತರಗತಿಯಲ್ಲಿ ಕೂತು ಕೇಳಲು ಬಿಡುವ ಕಾಲೇಜುಗಳಿವೆ. ಕೆಲಸಕ್ಕಾಗಿ ಅಂದರೆ, ನಿಮಗೆ ಬೇಕಾದ ಕೆಲಸದ ಒಂದಷ್ಟು ಜಾಹೀರಾತು ತೆಗೆದು ಅವರು ಏನು ಕೇಳುತ್ತಾರೆ ನೋಡಿ. ಕೆಲವೊಮ್ಮೆ ಆರು ತಿಂಗಳ ಸರ್ಟಿಫಿಕೇಟ್ ಸಾಕಾಗುತ್ತದೆ, ಮೂರು ವರ್ಷದ ಪದವಿ ಬೇಕಾಗುವುದೇ ಇಲ್ಲ. ನರ್ಸಿಂಗ್, ವಕೀಲಿಕೆ, ಶಿಕ್ಷಕ ವೃತ್ತಿಯಂಥ ಪರವಾನಗಿ ಬೇಕಾದ ಕೆಲಸಗಳಲ್ಲಿ ಇನ್ನೊಂದು ಹೆಜ್ಜೆ ಜಾಸ್ತಿ ಇದೆ. ಪರವಾನಗಿ ಕೊಡುವ ಸಂಸ್ಥೆ ಈ ಕೋರ್ಸನ್ನು ಒಪ್ಪುತ್ತದಾ, ಆ ಕೆಲಸಕ್ಕೆ ವಯಸ್ಸಿನ ಮಿತಿ ಇದೆಯಾ ಅನ್ನುವುದನ್ನು ಫೀಸು ಕಟ್ಟುವ ಮೊದಲೇ ಕೇಳಿ. ಕಾಲೇಜಿನವರ ಬಾಯಿಮಾತು ಸಾಲದು. ಆ ಸಂಸ್ಥೆಯಿಂದಲೇ ಉತ್ತರ ಪಡೆಯಿರಿ.

2. ವಾರದ ಲೆಕ್ಕ

ಎಲ್ಲರಿಗೂ ವಾರಕ್ಕೆ 168 ಗಂಟೆ. ಒಂದು ವಾರ ಪೂರ್ತಿ, ಯಾವ ಹೊತ್ತು ಎಲ್ಲಿ ಹೋಯಿತು ಅಂತ ಬರೆದಿಡಿ. ಮೊಬೈಲಿನಲ್ಲಿ ಬರೆದರೂ ಸರಿ, ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದರೂ ಸರಿ. ಅಂದಾಜು ಮಾತ್ರ ಬೇಡ. ಅಂದಾಜಿನಲ್ಲಿ ನಮಗೆಲ್ಲ ಬೇಕಾದಷ್ಟು ಪುರುಸೊತ್ತು ಇರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಲವತ್ತೈದು ವರ್ಷದ ಒಬ್ಬರು. ಕೆಲಸ ಇದೆ, ಮಕ್ಕಳಿದ್ದಾರೆ, ವಯಸ್ಸಾದ ಅಮ್ಮನನ್ನೂ ನೋಡಿಕೊಳ್ಳಬೇಕು. ನಿದ್ದೆಗೆ 49 ಗಂಟೆ, ಕೆಲಸಕ್ಕೆ 48, ಹೋಗಿಬರುವುದಕ್ಕೆ 10, ಮನೆಗೆಲಸಕ್ಕೆ 24, ಸ್ನಾನ ಊಟಕ್ಕೆ 14, ಅಮ್ಮನ ಔಷಧಿ, ಆಸ್ಪತ್ರೆಗೆ 8. ಒಟ್ಟು 153. ಉಳಿದದ್ದು 15 ಗಂಟೆ.

ಈ 15 ಗಂಟೆಯನ್ನೂ ಓದಿಗೆ ಬರೆದುಬಿಡಬೇಡಿ. ಮಕ್ಕಳ ಜೊತೆ ಸುಮ್ನೆ ಕೂರುವುದು, ನೆಂಟರು ಬರುವುದು, ತಲೆನೋವು ಬರುವುದು ಎಲ್ಲಾ ಅದರಲ್ಲೇ ಆಗಬೇಕು. ಮೂರರಲ್ಲಿ ಎರಡು ಪಾಲು ಓದಿಗೆ, ಉಳಿದದ್ದು ಬದುಕಿಗೆ ಅಂತ ಇಟ್ಟುಕೊಳ್ಳಿ. ಇವರಿಗೆ ಹತ್ತು ಗಂಟೆ.

ಈಗ ಕಾಲೇಜಿನ ಕಡೆಯ ಲೆಕ್ಕ ನೋಡೋಣ. ಅಮೆರಿಕದ ಕಾಲೇಜುಗಳಲ್ಲಿ ರೂಢಿಯಲ್ಲಿರುವ ಲೆಕ್ಕ ಹೀಗಿದೆ: ಒಂದು ಕ್ರೆಡಿಟ್ ಅಂದರೆ ಸುಮಾರು 15 ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ತರಗತಿ, ಅದರ ಜೊತೆಗೆ ಎರಡು ಗಂಟೆ ಸ್ವಂತ ಓದು. ಮೂರು ಕ್ರೆಡಿಟ್‌ನ ಒಂದು ವಿಷಯಕ್ಕೆ ವಾರಕ್ಕೆ 9 ಗಂಟೆ ಬೇಕು ಅಂತಾಯಿತು. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್, ಒಂದೊಂದಕ್ಕೂ 25ರಿಂದ 30 ಗಂಟೆ ಶ್ರಮ. ಅಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ. ಅದರ ಅರ್ಧ ಹೊರೆ ಹೊತ್ತರೂ ನಲವತ್ತು ವಾರದ ವರ್ಷದಲ್ಲಿ ವಾರಕ್ಕೆ ಹತ್ತೊಂಬತ್ತರಿಂದ ಇಪ್ಪತ್ತೆರಡು ಗಂಟೆ ಬೇಕಾಗುತ್ತದೆ. "ಅರೆಕಾಲಿಕ ಕೋರ್ಸು, ಆರಾಮಾಗಿ ಮಾಡಬಹುದು" ಅನ್ನುವ ಮಾತು ಎಷ್ಟು ಜನರನ್ನು ದಾರಿ ತಪ್ಪಿಸುತ್ತದೆ ನೋಡಿ.

ನಮ್ಮ ಉದಾಹರಣೆಯವರ ಹತ್ತು ಗಂಟೆಯಲ್ಲಿ ಹಿಡಿಸುವುದು ಮೂರು ಕ್ರೆಡಿಟ್‌ನ ಒಂದೇ ಒಂದು ವಿಷಯ. ಒಂದರಿಂದ ಶುರು ಮಾಡುವುದರಲ್ಲಿ ಯಾವ ಸಣ್ಣತನವೂ ಇಲ್ಲ. ನನ್ನನ್ನು ಕೇಳಿದರೆ ಗಂಟೆ ಜಾಸ್ತಿ ಇರುವವರೂ ಮೊದಲ ಸೆಮಿಸ್ಟರಿನಲ್ಲಿ ಒಂದೋ ಎರಡೋ ವಿಷಯ ಮಾತ್ರ ತೆಗೆದುಕೊಳ್ಳಬೇಕು. ಕಾಲೇಜಿನ ರೀತಿನೀತಿ ಕಲಿಯುವುದಕ್ಕೇ ಹೊತ್ತು ಹಿಡಿಯುತ್ತದೆ. ಅದು ಯಾವ ಕ್ರೆಡಿಟ್ ಲೆಕ್ಕದಲ್ಲೂ ಬರುವುದಿಲ್ಲ.

ಇನ್ನೊಂದು ವಿಷಯ. ನಿದ್ದೆಯ 49 ಗಂಟೆಗೆ ಕೈ ಹಾಕಬೇಡಿ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲೇ. ರಾತ್ರಿ ಎರಡು ಗಂಟೆ ಕದ್ದು ಓದಿದರೆ ಆ ಓದೇ ಉಳಿಯುವುದಿಲ್ಲ.

3. ಮನೆಯವರ ಜೊತೆ, ಕೆಲಸದ ಜಾಗದಲ್ಲಿ

"ನಾನು ಓದ್ಬೇಕು ಅಂತಿದ್ದೀನಿ" ಅಂದರೆ ಮನೆಯಲ್ಲಿ ಎಲ್ಲರೂ ಸಂತೋಷದಿಂದ ಹೂಂ ಅನ್ನುತ್ತಾರೆ. ಎರಡು ತಿಂಗಳಾದ ಮೇಲೆ ಅದೇ ಜನ "ಯಾವಾಗ ನೋಡಿದ್ರೂ ಪುಸ್ತಕ" ಅಂತ ಗೊಣಗುತ್ತಾರೆ. ಅವರದ್ದೇನೂ ತಪ್ಪಿಲ್ಲ. ಅವರು ಒಪ್ಪಿದ್ದು ಆಸೆಯನ್ನು. ಅದರಿಂದ ತಮ್ಮ ಸಂಜೆ ಬದಲಾಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ದಿನ, ಗಂಟೆ, ಕೆಲಸ ಮೂರನ್ನೂ ಬಿಡಿಸಿ ಹೇಳಿ. "ಮಂಗಳವಾರ, ಗುರುವಾರ ಸಂಜೆ ಏಳರಿಂದ ಒಂಬತ್ತು ನಾನು ಓದ್ತೀನಿ. ಆ ಎರಡು ದಿನ ರಾತ್ರಿ ಅಡುಗೆ ನೀವು ನೋಡ್ಕೊಳ್ತೀರಾ? ಭಾನುವಾರ ಬೆಳಿಗ್ಗೆ ಹತ್ತರವರೆಗೆ ನನ್ನನ್ನು ಕರೀಬೇಡಿ. ಅದು ಬಿಟ್ಟರೆ ವಾರವೆಲ್ಲ ಎಂದಿನ ಹಾಗೇ." ಹೀಗೆ ಕೇಳಿದರೆ ಆಗುತ್ತೆ, ಆಗಲ್ಲ ಅಂತ ನೇರವಾಗಿ ಹೇಳುವುದು ಅವರಿಗೂ ಸುಲಭ. ಆಗಲ್ಲ ಅಂದರೆ ಸೇರುವ ಮುಂಚೆಯೇ ಗೊತ್ತಾದದ್ದು ಒಳ್ಳೆಯದಾಯಿತು, ಬೇರೆ ಹೊತ್ತು ಹುಡುಕಬಹುದು. ಮಕ್ಕಳಿಗೂ ಹೇಳಿ. ಅಪ್ಪನಿಗೋ ಅಮ್ಮನಿಗೋ ಪರೀಕ್ಷೆ ಇದೆ ಅಂದರೆ ಅವರು ದೊಡ್ಡವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಪರೀಕ್ಷೆ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಲ್ವಾ.

ಕೆಲಸದ ಜಾಗದಲ್ಲಿ ಹೇಳಬೇಕಾ ಬೇಡವಾ ಅನ್ನುವುದು ನಿಮ್ಮ ಮೇಲಿನವರ ಸ್ವಭಾವ ನೋಡಿ ತೀರ್ಮಾನಿಸಬೇಕಾದದ್ದು. ಹೇಳುವುದಾದರೆ ಮೂರು ವಿಷಯ ಕೇಳಿ: ಓದಿಗೆ ಸಂಸ್ಥೆಯ ಸಹಾಯಧನ ಇದೆಯಾ, ಪರೀಕ್ಷೆಗೆ ರಜೆ ಸಿಗುತ್ತದಾ, ಸಹಾಯಧನ ಪಡೆದರೆ ಇಂತಿಷ್ಟು ವರ್ಷ ಕೆಲಸ ಬಿಡುವಂತಿಲ್ಲ ಅನ್ನುವ ಷರತ್ತು ಇದೆಯಾ. ಕೊನೆಯದನ್ನು ಕೇಳಲು ಬಹಳ ಜನ ಮರೆಯುತ್ತಾರೆ.

4. ಹಳೆಯ ಕಾಗದಗಳು

ಇದಕ್ಕೆ ಅಂದುಕೊಂಡದ್ದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ. ಅರ್ಜಿಯ ಕೊನೆಯ ದಿನಕ್ಕೆ ಮೂರು ನಾಲ್ಕು ತಿಂಗಳು ಇರುವಾಗಲೇ ಶುರು ಮಾಡಿ.

ಹಳೆಯ ಅಂಕಪಟ್ಟಿ ಕಳೆದಿದ್ದರೆ ನಕಲು ಪ್ರತಿಗೆ ಅರ್ಜಿ ಹಾಕಿ. ಓದಿದ ಕಾಲೇಜು ಮುಚ್ಚಿಹೋಗಿದ್ದರೂ ಗಾಬರಿ ಬೇಡ. ಪರೀಕ್ಷೆ ನಡೆಸಿದ ಮಂಡಳಿ ಅಥವಾ ವಿಶ್ವವಿದ್ಯಾಲಯದ ಬಳಿ ದಾಖಲೆ ಇರುತ್ತದೆ, ಇಲ್ಲವೇ ಅದು ಯಾರ ವಶಕ್ಕೆ ಹೋಗಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಎಲ್ಲಾ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ, ಇನಿಷಿಯಲ್ ಒಂದು ಕಡೆ ಹಿಂದೆ ಒಂದು ಕಡೆ ಮುಂದೆ ಇದ್ದರೆ, ಅದಕ್ಕೆ ಬೇಕಾದ ದಾಖಲೆ ಈಗಲೇ ಮಾಡಿಸಿಡಿ. ಹಳೆಯ ಕಾಲೇಜಿಗೆ ಫೀಸೋ ಲೈಬ್ರರಿ ದಂಡವೋ ಬಾಕಿ ಇದ್ದರೆ ಅವರು ಕಾಗದ ತಡೆಹಿಡಿಯುವುದುಂಟು. ಅದನ್ನೂ ವಿಚಾರಿಸಿ.

ಅರ್ಧಕ್ಕೆ ನಿಂತ ಡಿಗ್ರಿ ಇದ್ದವರು ಕೇಳಲೇಬೇಕಾದ ಪ್ರಶ್ನೆ: ಹಿಂದೆ ಪಾಸಾದ ವಿಷಯಗಳು ಈಗ ಲೆಕ್ಕಕ್ಕೆ ಬರುತ್ತವಾ? ಸಾಹಿತ್ಯ, ಇತಿಹಾಸದಂಥ ವಿಷಯಗಳಿಗೆ ಸಾಮಾನ್ಯವಾಗಿ ತೊಂದರೆ ಕಡಿಮೆ. ಕಂಪ್ಯೂಟರ್, ವೈದ್ಯಕೀಯ ವಿಜ್ಞಾನದಂಥ ಬೇಗ ಬದಲಾಗುವ ವಿಷಯಗಳಲ್ಲಿ ಹಳೆಯ ಕ್ರೆಡಿಟ್‌ಗೆ ಕಾಲಮಿತಿ ಹಾಕುವ ಕಾಲೇಜುಗಳಿವೆ. ಹಳೆಯ ಸಿಲಬಸ್ ನಿಮ್ಮ ಹತ್ತಿರ ಇದ್ದರೆ ಜೋಪಾನ ಮಾಡಿ. ಎರಡೂ ಕಡೆಯ ಪಾಠ ಒಂದೇ ಅಂತ ತೋರಿಸಲು ಅದೇ ಬೇಕಾಗುತ್ತದೆ.

ಕೆಲಸದಲ್ಲಿ ಕಲಿತದ್ದಕ್ಕೂ ಬೆಲೆ ಸಿಗಬಹುದು. ಹಿಂದಿನ ಕಲಿಕೆಗೆ ಮಾನ್ಯತೆ ಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ಫ್ರಾನ್ಸ್‌ನಲ್ಲಂತೂ ಕೆಲಸದ ಅನುಭವವನ್ನು ಅಳೆದು ಅದರ ಮೇಲೆಯೇ ಪದವಿ ಕೊಡುವ ಕಾನೂನು 2002ರಲ್ಲಿ ಬಂತು. ನೀವು ಸೇರುವ ಕಡೆ ಇಂಥದ್ದು ಇದೆಯಾ ಅಂತ ಕೇಳಿ. ಇದ್ದರೆ ಅವರು ಅನುಭವದ ಪತ್ರ ಮಾತ್ರ ನೋಡುವುದಿಲ್ಲ, ಆ ಕೆಲಸದಿಂದ ನೀವು ಕಲಿತದ್ದೇನು ಅನ್ನುವುದನ್ನು ಬರವಣಿಗೆಯಲ್ಲಿ ಕೇಳುತ್ತಾರೆ. ಮಾಡಿದ ವರದಿ, ತರಬೇತಿಯ ಸರ್ಟಿಫಿಕೇಟ್, ಕೆಲಸದ ಮಾದರಿ ಎಲ್ಲವನ್ನೂ ಒಂದು ಫೈಲಿನಲ್ಲಿ ಕೂಡಿಸಿಡಿ.

5. ಯಾವ ಕಾಲೇಜು, ಯಾವ ರೀತಿಯ ಓದು

ಸಂಜೆ ತರಗತಿ, ವಾರಾಂತ್ಯದ ತರಗತಿ, ದೂರಶಿಕ್ಷಣ, ಆನ್‌ಲೈನ್, ಎರಡೂ ಬೆರೆತದ್ದು. ಆನ್‌ಲೈನ್ ಅಂದರೆ ಸುಲಭ ಅನ್ನುವ ಭಾವನೆ ಇದೆ. ಹೋಗಿಬರುವ ಹೊತ್ತು ಉಳಿಯುತ್ತದೆ, ನಿಜ. ಆದರೆ ಇಂಥ ದಿನ ಇಂಥ ಹೊತ್ತಿಗೆ ಬರಲೇಬೇಕು ಅನ್ನುವ ಕಟ್ಟು ಇಲ್ಲದಿದ್ದರೆ ಓದು ದಿನದಿಂದ ದಿನಕ್ಕೆ ಮುಂದೆ ಹೋಗುತ್ತದೆ. ತಾನಾಗಿ ಕೂತು ಓದುವ ಅಭ್ಯಾಸ ಬಿಟ್ಟುಹೋಗಿ ಬಹಳ ವರ್ಷವಾಗಿದ್ದರೆ ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯವಾದರೂ ನಿಗದಿತ ವೇಳೆಯ ತರಗತಿ ಇರುವಂಥದ್ದು ಆರಿಸಿಕೊಳ್ಳಿ.

ಹಿಂದಿನ ವಿದ್ಯಾರ್ಹತೆ ಕಡಿಮೆ ಇದೆ ಅಂತ ಹಿಂಜರಿಯಬೇಡಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಶುರು ಮಾಡಿದಾಗ ಅದರ ಮೂಲ ವಿಚಾರವೇ ಬಾಗಿಲು ಎಲ್ಲರಿಗೂ ತೆರೆದಿರಬೇಕು ಅನ್ನುವುದಾಗಿತ್ತು. ಇವತ್ತಿಗೂ ಅಲ್ಲಿ ಹೆಚ್ಚಿನ ಪದವಿ ಕೋರ್ಸುಗಳಿಗೆ ಹಿಂದಿನ ಅಂಕ ಕೇಳುವುದಿಲ್ಲ. ಆ ಮಾದರಿಯ ಮುಕ್ತ ವಿಶ್ವವಿದ್ಯಾಲಯಗಳು ಈಗ ಬೇರೆ ಬೇರೆ ದೇಶಗಳಲ್ಲಿವೆ. ಮಾಮೂಲಿ ಕಾಲೇಜುಗಳಲ್ಲೂ ದೊಡ್ಡ ವಯಸ್ಸಿನವರಿಗೆ ಬೇರೆ ದಾರಿ ಇರುವುದುಂಟು. ಐರ್ಲೆಂಡಿನಲ್ಲಿ 23 ತುಂಬಿದವರು ಹಿರಿಯ ವಿದ್ಯಾರ್ಥಿ ಅಂತ ಪ್ರತ್ಯೇಕ ದಾರಿಯಲ್ಲಿ ಅರ್ಜಿ ಹಾಕಬಹುದು.

ಪ್ರವೇಶ ವಿಭಾಗಕ್ಕೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಕೋರ್ಸಿಗೆ ಸರ್ಕಾರದ ಅಥವಾ ಅಧಿಕೃತ ಸಂಸ್ಥೆಯ ಮಾನ್ಯತೆ ಇದೆಯಾ? (ಉತ್ತರ ಬಂದ ಮೇಲೂ ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ದುಡ್ಡಿಗೆ ಪದವಿ ಮಾರುವವರು ಮೊದಲು ಗುರಿ ಮಾಡುವುದು ಅವಸರದಲ್ಲಿರುವ, ಕೆಲಸದಲ್ಲಿರುವ ಜನರನ್ನೇ.) ಎಷ್ಟು ವರ್ಷದೊಳಗೆ ಮುಗಿಸಬೇಕು? ಹಾಜರಾತಿ ಎಷ್ಟು ಬೇಕು? ಪರೀಕ್ಷೆ ಕೆಲಸದ ದಿನಗಳಲ್ಲಾ, ರಜಾ ದಿನಗಳಲ್ಲಾ? ಕಷ್ಟ ಬಂದರೆ ಒಂದು ಸೆಮಿಸ್ಟರ್ ಬಿಟ್ಟು ಮತ್ತೆ ಬರಬಹುದಾ? ಎಷ್ಟು ದಿನದೊಳಗೆ ಬಿಟ್ಟರೆ ಫೀಸು ವಾಪಸ್ ಸಿಗುತ್ತದೆ? ಮುಂದಿನ ವರ್ಷವೂ ಇದೇ ಸಂಜೆ ತರಗತಿ ಇರುತ್ತದಾ, ಅಥವಾ ಕೊನೆಯ ವರ್ಷದ ವಿಷಯಗಳು ಹಗಲು ಮಾತ್ರವಾ? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗುವವರೆಗೂ ಫೀಸು ಕಟ್ಟಬೇಡಿ. ಎರಡು ವರ್ಷ ಸಂಜೆ ಓದಿ, ಮೂರನೇ ವರ್ಷ ಹಗಲು ಪ್ರಯೋಗಾಲಯಕ್ಕೆ ಬನ್ನಿ ಅಂದರೆ ಕೆಲಸದಲ್ಲಿರುವವರು ಏನು ಮಾಡಬೇಕು?

6. ದುಡ್ಡು

ಫೀಸು ಒಂದೇ ಖರ್ಚಲ್ಲ. ಪುಸ್ತಕ, ಪರೀಕ್ಷಾ ಶುಲ್ಕ, ಓಡಾಟ, ಬೇಕಾದರೆ ಲ್ಯಾಪ್‌ಟಾಪ್, ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳುವವರಿಗೆ ಕೊಡುವುದು. ಓವರ್‌ಟೈಮ್ ಬಿಟ್ಟರೆ ಆ ಆದಾಯವೂ ಹೋಗುತ್ತದೆ. ಸ್ಕಾಲರ್‌ಶಿಪ್ ಹುಡುಕುವಾಗ ಅರೆಕಾಲಿಕ ವಿದ್ಯಾರ್ಥಿಗಳಿಗೂ ಕೊಡುತ್ತಾರಾ ನೋಡಿ. ಸಾಲ ಮಾಡುವುದಾದರೆ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಅನ್ನುವುದನ್ನು ಪಕ್ಕದಲ್ಲೇ ಬರೆದು ನೋಡಿ. ಇಪ್ಪತ್ತರ ಹುಡುಗನಿಗೆ ತೀರಿಸಲು ನಲವತ್ತು ವರ್ಷ ಇರುತ್ತದೆ, ನಿಮಗೆ ಹದಿನೈದೋ ಹತ್ತೋ. ಮುಪ್ಪಿಗೆ ಇಟ್ಟ ಉಳಿತಾಯ ಮುರಿದು ಓದುವುದು ಬೇಡ ಅನ್ನುವುದೇ ನನ್ನ ಸಲಹೆ. ಒಂದೊಂದೇ ವಿಷಯ ತೆಗೆದುಕೊಂಡರೆ ಖರ್ಚೂ ಹಂಚಿಹೋಗುತ್ತದೆ.

7. ತರಗತಿ ಶುರುವಾಗುವ ಮುಂಚಿನ ಎರಡು ತಿಂಗಳು

ಗಂಟೆಗಟ್ಟಲೆ ಕೂತು ಓದುವುದು ದೇಹಕ್ಕೂ ಮರೆತುಹೋಗಿರುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷದಿಂದ ಶುರು ಮಾಡಿ ಮುಕ್ಕಾಲು ಗಂಟೆಗೆ ಏರಿಸಿ. ಮುಂದೆ ತರಗತಿ ಇರುವ ದಿನಗಳಲ್ಲಿ, ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ ಕೂತು ಓದಿ. ಮನೆಯವರಿಗೂ ಆ ಹೊತ್ತು ರೂಢಿಯಾಗುತ್ತದೆ.

ಕಣ್ಣು ಪರೀಕ್ಷೆ ಮಾಡಿಸಿ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಿಗಿಯಾಗುತ್ತಾ ಬಂದು ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಆಗುವಂಥದ್ದು. "ಹತ್ತು ನಿಮಿಷ ಓದಿದರೆ ತಲೆನೋವು, ನನಗೆ ಓದೋದು ಆಗಲ್ಲ" ಅಂತ ಕೈಬಿಟ್ಟವರಲ್ಲಿ ಕೆಲವರಿಗೆ ಬೇಕಾಗಿದ್ದದ್ದು ಓದುವ ಕನ್ನಡಕ ಅಷ್ಟೇ.

ಗಣಿತ ಇರುವ ಕೋರ್ಸಾದರೆ ಬೀಜಗಣಿತ, ಶೇಕಡಾವಾರು, ಗ್ರಾಫ್ ಇಷ್ಟನ್ನು ತಿರುವಿಹಾಕಿ. ಖಾನ್ ಅಕಾಡೆಮಿಯಲ್ಲಿ ಶಾಲೆಯ ಮಟ್ಟದಿಂದಲೇ ಉಚಿತ ಪಾಠ, ಅಭ್ಯಾಸ ಎರಡೂ ಸಿಗುತ್ತವೆ. ಏಳನೇ ತರಗತಿಯ ಲೆಕ್ಕದಿಂದ ಶುರು ಮಾಡಬೇಕಾದರೆ ಮಾಡಿ, ನೋಡಿ ನಗುವವರು ಯಾರಿದ್ದಾರೆ? ಟೈಪಿಂಗ್ ನಿಧಾನವಾಗಿದ್ದರೆ ಅದನ್ನೂ ಈಗಲೇ ರೂಢಿ ಮಾಡಿಕೊಳ್ಳಿ. ಎರಡು ಬೆರಳಲ್ಲಿ ಹತ್ತು ಪುಟದ ಅಸೈನ್‌ಮೆಂಟ್ ಕುಟ್ಟುವಷ್ಟರಲ್ಲಿ ನಿಮ್ಮ ವಾರದ ಹತ್ತು ಗಂಟೆಯಲ್ಲಿ ದೊಡ್ಡ ಪಾಲು ಖಾಲಿಯಾಗಿರುತ್ತದೆ.

8. ತಲೆಗೆ ಹತ್ತುತ್ತಾ?

ಹತ್ತುತ್ತದೆ. ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ವಾರ್ನರ್ ಶಾಯಿ ಅನ್ನುವ ಮನಶ್ಶಾಸ್ತ್ರಜ್ಞರು 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾ, ಹೊಸಬರನ್ನು ಸೇರಿಸುತ್ತಾ ದಶಕಗಳ ಕಾಲ ಅದು ನಡೆಯಿತು. ಅದರಲ್ಲಿ ಕಂಡದ್ದು ಇದು: ಚಕಚಕನೆ ಗುರುತಿಸುವ ವೇಗ ವಯಸ್ಸಿನ ಜೊತೆ ಬೇಗ ಕುಗ್ಗುತ್ತದೆ. ಆದರೆ ಪದಗಳ ಅರ್ಥ ಹಿಡಿಯುವುದು, ತರ್ಕ ಮಾಡುವುದು ಇಂಥವು ಮಧ್ಯವಯಸ್ಸಿನಲ್ಲೂ ಚೆನ್ನಾಗಿಯೇ ಇರುತ್ತವೆ, ಸ್ಪಷ್ಟವಾಗಿ ಇಳಿಯುವುದು ಅರವತ್ತರ ಆಚೆಗೆ. ಹಾಗಾಗಿ ನೀವು ಪಕ್ಕದ ಹುಡುಗಿಯಷ್ಟು ಬೇಗ ಓದಿ ಮುಗಿಸದಿದ್ದರೆ ಅದು ಸಹಜ. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ, ಕಂಡ ಸಂಗತಿಗೆ ಜೋಡಿಸುವುದರಲ್ಲಿ ನಿಮಗೆ ಅನುಭವದ ಬಲ ಇದೆ.

ಇಟಲಿಯ ಜುಸೆಪ್ಪೆ ಪತೆರ್ನೊ 2020ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಪಲೆರ್ಮೊ ವಿಶ್ವವಿದ್ಯಾಲಯದಿಂದ ಇತಿಹಾಸ ಮತ್ತು ತತ್ವಶಾಸ್ತ್ರದ ಪದವಿ ಪಡೆದರು. ಅಸೈನ್‌ಮೆಂಟ್‌ಗಳನ್ನು ಅವರು ಹಳೆಯ ಟೈಪ್‌ರೈಟರಿನಲ್ಲಿ ಬರೆದರು. ಅಮೆರಿಕದ ಕ್ಯಾನ್ಸಸ್‌ನಲ್ಲಿ ನೋಲಾ ಆಕ್ಸ್ 2007ರಲ್ಲಿ, 95ನೇ ವಯಸ್ಸಿನಲ್ಲಿ, ಮೊಮ್ಮಗಳ ಜೊತೆಯಲ್ಲೇ ಪದವಿ ಪಡೆದರು.

ಮರೆವು ಎಲ್ಲಾ ವಯಸ್ಸಿನವರಿಗೂ ಇದೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಂಡು ತೋರಿಸಿದಂತೆ, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಗಂಟೆ, ಮೊದಲ ದಿನದಲ್ಲೇ ಜಾರಿಹೋಗುತ್ತದೆ, ಆಮೇಲೆ ಮರೆಯುವ ವೇಗ ಕಡಿಮೆಯಾಗುತ್ತದೆ. ಇದಕ್ಕೆ ಮದ್ದು ಮತ್ತೆ ಮತ್ತೆ ಓದುವುದಲ್ಲ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ನಾಲ್ಕು ಸಲ ಓದಿದರು. ಕೆಲವರು ಒಂದು ಸಲ ಓದಿ, ಮೂರು ಸಲ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇಕಡಾ 40, ಬರೆದವರಿಗೆ ಸುಮಾರು 61. ಹೊತ್ತು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ಇಪ್ಪತ್ತು ಪುಟದ ಒಂದು ಅಧ್ಯಾಯ ನಿಮ್ಮ ಮುಂದಿದೆ ಅಂದುಕೊಳ್ಳಿ. ಮೊದಲ ಪುಟದಿಂದ ಗೆರೆ ಎಳೆಯುತ್ತಾ ಹೊರಡಬೇಡಿ. ಮೊದಲ ಐದು ನಿಮಿಷ ತಲೆಬರಹ, ಚಿತ್ರ, ಕೊನೆಯಲ್ಲಿರುವ ಪ್ರಶ್ನೆ ಇಷ್ಟನ್ನೇ ನೋಡಿ. ಒಂದು ನೋಟ್‌ಬುಕ್ಕಿನ ಹಾಳೆಗೆ ಎಡಗಡೆ ಮೂರನೇ ಒಂದು ಭಾಗ ಬಿಟ್ಟು ಉದ್ದ ಗೆರೆ ಎಳೆಯಿರಿ. ಕಾರ್ನೆಲ್ ನೋಟ್ಸ್ ಅಂತ ಹೆಸರಾದ ಪದ್ಧತಿ ಇದು, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ರೂಪಿಸಿದ್ದು. ನಾಲ್ಕೈದು ಪುಟ ಓದಿ, ಪುಸ್ತಕ ಮುಚ್ಚಿ, ಬಲಗಡೆ ನಿಮ್ಮದೇ ಮಾತಿನಲ್ಲಿ ಬರೆಯಿರಿ. ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಆ ಬೇರೆ ಬಣ್ಣದ ಸಾಲುಗಳೇ ನಿಮಗೆ ಇನ್ನೂ ಬಾರದ ಭಾಗ. ಎಡಗಡೆ ಅದಕ್ಕೆ ಒಂದು ಪ್ರಶ್ನೆ ಬರೆಯಿರಿ. ಹೀಗೇ ಕೊನೆಯವರೆಗೆ. ಮಾರನೇ ದಿನ ಬಲಗಡೆ ಮುಚ್ಚಿ ಎಡಗಡೆಯ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ ಹೇಳಿ. ಬಸ್ಸಿಗೆ ಕಾಯುವಾಗಲೂ ಇದನ್ನು ಮಾಡಬಹುದು. ಮತ್ತೆ ಒಂದು ವಾರಕ್ಕೆ, ಮತ್ತೆ ಒಂದು ತಿಂಗಳಿಗೆ.

9. ತರಗತಿಯಲ್ಲಿ

ಮುಂದಿನ ಬೆಂಚಿನಲ್ಲಿ ಕೂರಿ. ಕಣ್ಣಿಗೂ ಕಿವಿಗೂ ಅನುಕೂಲ. ಪಾಠ ಮಾಡುವವರು ನಿಮಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಅವರಿಗೂ ಒಂದು ಕ್ಷಣ ಮುಜುಗರವಾಗಬಹುದು. ಬೇರೆ ವಿದ್ಯಾರ್ಥಿಗಳು ಸರ್, ಮೇಡಂ ಅಂದರೆ ನೀವೂ ಹಾಗೇ ಅನ್ನಿ. ಮೊದಲ ವಾರದಲ್ಲೇ ಪರಿಚಯ ಮಾಡಿಕೊಂಡು ನಿಮ್ಮ ಪರಿಸ್ಥಿತಿ ಎರಡು ಮಾತಲ್ಲಿ ಹೇಳಿ: ಕೆಲಸದಲ್ಲಿದ್ದೀನಿ, ಇಷ್ಟು ವರ್ಷದ ಮೇಲೆ ಬಂದಿದ್ದೀನಿ, ಯಾವ ಹೊತ್ತಿಗೆ ಬಂದು ಕೇಳಿದರೆ ನಿಮಗೆ ಅನುಕೂಲ?

ಅನುಭವ ಹೇಳುವಾಗ ಅಳತೆ ಇರಲಿ. ಪಾಠಕ್ಕೆ ಹೊಂದುವ ಒಂದು ಉದಾಹರಣೆ ಇಡೀ ತರಗತಿಗೆ ಉಪಕಾರ. ಪ್ರತಿ ಮಾತಿಗೂ "ನಮ್ಮ ಆಫೀಸಿನಲ್ಲಿ" ಅಂತ ಶುರು ಮಾಡಿದರೆ ಚಿಕ್ಕವರು ದೂರ ಸರಿಯುತ್ತಾರೆ. ಅವರ ಸ್ನೇಹ ನಿಮಗೆ ಬೇಕು. ತಪ್ಪಿದ ತರಗತಿಯ ನೋಟ್ಸು, ಪೋರ್ಟಲ್‌ನಲ್ಲಿ ಅಸೈನ್‌ಮೆಂಟ್ ಎಲ್ಲಿ ಹಾಕಬೇಕು ಅನ್ನುವುದು, ದಿನಾಂಕ ಬದಲಾದ ಸುದ್ದಿ ಎಲ್ಲಾ ಬರುವುದು ಅವರಿಂದಲೇ. ಗುಂಪಿನ ಪ್ರಾಜೆಕ್ಟ್ ಇದ್ದರೆ ಮೊದಲ ದಿನವೇ ನೀವು ಸಿಗುವ ಹೊತ್ತು ತಿಳಿಸಿ, ಒಂದು ಭಾಗವನ್ನು ಪೂರ್ತಿ ನಿಮ್ಮ ಮೇಲೆ ಹಾಕಿಕೊಳ್ಳಿ. ಇಡೀ ಗುಂಪನ್ನು ನಡೆಸುವ ಹೊಣೆ ವಯಸ್ಸಿನ ಕಾರಣಕ್ಕೆ ನಿಮ್ಮ ಹೆಗಲಿಗೆ ಬಂದರೆ ಒಪ್ಪಬೇಡಿ.

10. ಮೊದಲ ಅಸೈನ್‌ಮೆಂಟ್

ನೀವು ಓದಿದ ಕಾಲದಲ್ಲಿ ಪುಸ್ತಕದ ಸಾಲನ್ನು ಹಾಗೇ ಬರೆದರೆ ಒಳ್ಳೆಯ ಅಂಕ ಸಿಗುತ್ತಿತ್ತೇನೋ. ಈಗ ಅದು ಕೃತಿಚೌರ್ಯ. ಬೇರೆಯವರ ಮಾತಾದರೆ ಉದ್ಧರಣ ಚಿಹ್ನೆ ಹಾಕಿ, ಎಲ್ಲಿಂದ ಅಂತ ಬರೆಯಿರಿ. ನಿಮ್ಮ ಮಾತಿನಲ್ಲಿ ಹೇಳಿದರೂ ವಿಚಾರ ಅವರದ್ದಾದರೆ ಮೂಲ ತಿಳಿಸಿ. ಜೊಟೆರೊ ಅನ್ನುವ ಉಚಿತ ತಂತ್ರಾಂಶ ಓದಿದ ಪುಸ್ತಕ, ಲೇಖನಗಳ ವಿವರ ಕೂಡಿಸಿಟ್ಟು ಆಕರಪಟ್ಟಿಯನ್ನು ತಾನೇ ಮಾಡಿಕೊಡುತ್ತದೆ. ಚಾಟ್‌ಜಿಪಿಟಿಯಂಥ ಎಐ ಬಳಸಬಹುದಾ ಅನ್ನುವುದಕ್ಕೆ ಕಾಲೇಜಿನಿಂದ ಕಾಲೇಜಿಗೆ, ಎಷ್ಟೋ ಸಲ ವಿಷಯದಿಂದ ವಿಷಯಕ್ಕೂ ನಿಯಮ ಬೇರೆ. ಕೇಳದೆ ಬಳಸಬೇಡಿ.

ಅಸೈನ್‌ಮೆಂಟ್ ಕೊಡಬೇಕಾದ ದಿನಕ್ಕಿಂತ ಮೂರು ದಿನ ಮುಂಚಿನ ತಾರೀಕನ್ನೇ ನಿಮ್ಮ ಕೊನೆಯ ದಿನ ಅಂತ ಬರೆದುಕೊಳ್ಳಿ. ಮಗುವಿಗೆ ಜ್ವರ ಬರುವುದು ಆ ಮೂರು ದಿನದಲ್ಲೇ. ಮೊದಲ ಅಂಕ ಕಡಿಮೆ ಬಂದರೆ ಉತ್ತರಪತ್ರಿಕೆ ಹಿಡಿದುಕೊಂಡು ಹೋಗಿ, "ಮುಂದಿನದರಲ್ಲಿ ಏನು ಬದಲಾಯಿಸಲಿ?" ಅಂತ ಕೇಳಿ.

11. ವಾರ ಕೈತಪ್ಪಿದಾಗ

ತಪ್ಪುತ್ತದೆ. ಅದಕ್ಕೆ ಮೊದಲೇ ಸಿದ್ಧರಾಗಿರಿ. ಒಂದು ವಾರ ಹಿಂದೆ ಬಿದ್ದರೆ ಹಿಂದಿನದೆಲ್ಲ ಮುಗಿಸಿ ಆಮೇಲೆ ಇವತ್ತಿನದು ಅಂತ ಹಟ ಹಿಡಿಯಬೇಡಿ. ಇವತ್ತಿನ ಪಾಠ ಮೊದಲು, ಹಳೆಯದನ್ನು ದಿನಕ್ಕೆ ಸ್ವಲ್ಪ ಸ್ವಲ್ಪ. ಇಲ್ಲದಿದ್ದರೆ ಪ್ರತಿ ತರಗತಿಯಲ್ಲೂ ಅರ್ಥವಾಗದೆ ಕೂರಬೇಕಾಗುತ್ತದೆ.

ಗಡುವು ಮುಂದೂಡಲು ಕೇಳುವುದಿದ್ದರೆ ಗಡುವಿಗೆ ಮುಂಚೆಯೇ ಕೇಳಿ. "ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಅರ್ಧ ಬರೆದಿದ್ದೇನೆ, ಶುಕ್ರವಾರದೊಳಗೆ ಕೊಡುತ್ತೇನೆ" ಅಂತ ಎರಡು ಸಾಲಿನ ಇಮೇಲ್ ಸಾಕು. ಸುಮ್ಮನೆ ಕಾಣೆಯಾಗುವುದು ಮಾತ್ರ ಬೇಡ. ಸಂಕೋಚಕ್ಕೆ ಹೇಳದೆ ಬಿಟ್ಟುಹೋದರೆ ದಾಖಲೆಯಲ್ಲಿ ಫೇಲ್ ಅಂತ ಉಳಿಯುತ್ತದೆ, ಫೀಸೂ ಹೋಗುತ್ತದೆ. ನಿಯಮದ ಪ್ರಕಾರ ಒಂದು ವಿಷಯ ಹಿಂತೆಗೆದುಕೊಳ್ಳಲು, ಒಂದು ಸೆಮಿಸ್ಟರ್ ರಜೆ ಕೇಳಲು ದಿನಾಂಕಗಳಿರುತ್ತವೆ. ಸೇರಿದ ದಿನವೇ ಅವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

12. ಎರಡನೇ ಸೆಮಿಸ್ಟರಿಗೆ ವಿಷಯ ಆರಿಸುವಾಗ

ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಓದಿದಿರಿ ಅನ್ನುವುದು ಈಗ ನಿಮಗೆ ಗೊತ್ತಿದೆ. ಒಂಬತ್ತು ಅಂದುಕೊಂಡದ್ದು ಹದಿಮೂರಾಗಿದ್ದರೆ ಈ ಸಲವೂ ಒಂದೇ ವಿಷಯ ಸಾಕು. ಏಳರಲ್ಲೇ ಮುಗಿದು ನಿದ್ದೆಯೂ ಚೆನ್ನಾಗಿ ಬರುತ್ತಿದ್ದರೆ ಇನ್ನೊಂದನ್ನು ಸೇರಿಸಿ. ಸೇರಿಸುವಾಗ ಓದು ಜಾಸ್ತಿ ಇರುವ ಒಂದಕ್ಕೆ ಲೆಕ್ಕ ಅಥವಾ ಪ್ರಯೋಗ ಇರುವ ಇನ್ನೊಂದನ್ನು ಜೋಡಿ ಮಾಡಿ. ಉದ್ದ ಪ್ರಬಂಧ ಬರೆಯಬೇಕಾದ ಎರಡು ವಿಷಯ ಒಟ್ಟಿಗೆ ತೆಗೆದುಕೊಂಡರೆ ಎರಡರ ಗಡುವೂ ಒಂದೇ ವಾರಕ್ಕೆ ಬಂದು ಕೂರುತ್ತದೆ.

ಹೆದರಿಕೆ ಇರುವ ವಿಷಯವನ್ನು, ಬಹಳ ಜನರಿಗೆ ಅದು ಸಂಖ್ಯಾಶಾಸ್ತ್ರ, ಕೊನೆಯ ವರ್ಷಕ್ಕೆ ತಳ್ಳಬೇಡಿ. ಅಲ್ಲಿ ಫೇಲಾದರೆ ಉಳಿದದ್ದೆಲ್ಲ ಪಾಸಾಗಿದ್ದರೂ ಆ ಒಂದು ಪೇಪರಿಗಾಗಿ ಪದವಿ ಒಂದು ವರ್ಷ ಮುಂದೆ ಹೋಗಬಹುದು. ಎರಡನೆಯದೋ ಮೂರನೆಯದೋ ಸೆಮಿಸ್ಟರಿನಲ್ಲಿ, ಆಫೀಸಿನಲ್ಲಿ ಕೆಲಸ ಹಗುರವಾಗಿರುವ ತಿಂಗಳುಗಳು ನೋಡಿ, ಅದೊಂದನ್ನೇ ತೆಗೆದುಕೊಳ್ಳಿ. ಮತ್ತೆ ಬರೆಯಬೇಕಾಗಿ ಬಂದರೂ ಮುಂದೆ ಸೆಮಿಸ್ಟರುಗಳು ಉಳಿದಿರುತ್ತವೆ.